ಜೂನಿಯ ಕೊನೆಯ ಗೊಬ್ಬರ

ಮೇ ತಿಂಗಳ ಮೊದಲ ವಾರ. ವರ್ಮಾಂಟಿನ ಬೆಟ್ಟದ ಮೇಲೆ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವ ಕೆಲಸ ಮುಗಿದಿತ್ತು, ರಸ್ತೆಯ ಕೆಸರು ಇನ್ನೂ ಒಣಗಿರಲಿಲ್ಲ. ಕೊಟ್ಟಿಗೆಯ ಬಡಗು ಗೋಡೆಗೆ ಒಂದು ಮೊಳ ಹಿಮ ಅಂಟಿಕೊಂಡೇ ಇತ್ತು. ವರ್ನಾ ಅಂಗಳದಲ್ಲಿ ತಳ್ಳುಗಾಡಿ ಇಟ್ಟುಕೊಂಡು ಕುಂಡದ ಮಣ್ಣು ಕಲಸುತ್ತಿದ್ದಳು. ಎರಡು ಡಬ್ಬಿ ಜೌಗುಮಣ್ಣು, ಎರಡು ಡಬ್ಬಿ ಅಂಗಡಿಯಿಂದ ತಂದ ಕೊಳೆತ ಎಲೆಯ ಪುಡಿ, ಒಂದು ಡಬ್ಬಿ ಹಗುರಾದ ಬಿಳಿ ಹರಳು, ಮೇಲೆ ಒಂದು ಹಿಡಿ ಸುಣ್ಣ, ಒಂದು ಹಿಡಿ ಮೂಳೆಪುಡಿ. ಬೆಚ್ಚಗಿನ ನೀರು ಚಿಮುಕಿಸಿ ಮುಷ್ಟಿಯಲ್ಲಿ ಅದುಮಿದಳು. ಉಂಡೆ ನಿಂತಿತು, ಹೆಬ್ಬೆರಳು ತಾಕಿಸಿದರೆ ಉದುರಿತು. ಹದ ಸರಿಯಾಗಿತ್ತು. ಆದರೆ ಈ ವರ್ಷಕ್ಕೆ ಇದು ಎರಡನೆಯ ಕಲಸು.

ಮಾರ್ಚಿನಲ್ಲಿ ಕಲಸಿದ್ದಕ್ಕೆ ಎಲೆಪುಡಿಯಲ್ಲ, ಪ್ರತಿವರ್ಷದಂತೆ ನೆರೆಮನೆಯ ಓರಿನ್ ಕೊಟ್ಟ ಕುದುರೆ ಗೊಬ್ಬರ ಹಾಕಿದ್ದಳು. ಅದರಲ್ಲೇ ಹೆಸ್ಟರಳ ಟೊಮೇಟೊ ಬೀಜ ಬಿತ್ತಿದ್ದಳು, ಉಳಿದಿದ್ದ ನಲವತ್ತೊಂದನ್ನೂ. ಹೆಸ್ಟರ್ ಓರಿನ್‌ನ ಹೆಂಡತಿ. ತೀರಿಕೊಂಡು ನಾಲ್ಕು ವರ್ಷ. ಅವಳ ತವರಿನಿಂದ ಬಂದ ಆ ಬೀಜವನ್ನು ಅವಳ ನಂತರ ಬೆಳೆಸಿ ಎತ್ತಿಡುತ್ತಿದ್ದವಳು ವರ್ನಾ ಒಬ್ಬಳೇ. ಕಳೆದ ಬೇಸಿಗೆ ಅಂಗಮಾರಿ ರೋಗ ಬಿದ್ದು ಗಿಡಗಳೆಲ್ಲ ಕಪ್ಪಾಗಿ ಹೊಸ ಬೀಜ ಸಿಕ್ಕಿರಲಿಲ್ಲ. ಅವನು ಗೊಬ್ಬರ ತರುವುದು, ಇವಳು ಮೇ ಕೊನೆಗೆ ಹನ್ನೆರಡು ಸಸಿ ಕೊಡುವುದು: ಮೂವತ್ತು ವರ್ಷದಿಂದ ಹೀಗೇ ನಡೆದುಬಂದಿತ್ತು.

ಯಾರದೇ ಗೊಬ್ಬರವಾದರೂ ಮೊದಲು ಅದರಲ್ಲಿ ನಾಲ್ಕು ಬೀನ್ಸ್ ಹಾಕಿ ನೋಡಬೇಕು. ಹುಲ್ಲಿಗೆ ಹೊಡೆದ ಕಳೆ ಔಷಧಿ ಕುದುರೆಯ ಹೊಟ್ಟೆ ದಾಟಿ ಬಂದರೂ ವಿಷವಾಗಿಯೇ ಉಳಿಯುತ್ತದೆ. ಇದ್ದರೆ ಬೀನ್ಸಿನ ಎಲೆ ಮುದುಡಿ ಹೇಳಿಬಿಡುತ್ತದೆ. ಓರಿನ್‌ನ ಗೊಬ್ಬರಕ್ಕೂ ಪರೀಕ್ಷೆಯೇ ಎಂದು ವರ್ನಾ ಬಿಟ್ಟಿದ್ದಳು. ಟೊಮೇಟೊ ಸಸಿಗಳು ತಿರುಚಿಕೊಂಡು ಒಂದೊಂದಾಗಿ ಹೋದ ಮೇಲೆ ಬೀನ್ಸ್ ಹಾಕಿದಳು.

ಓರಿನ್‌ನ ಪಿಕಪ್ ಕೆಸರು ಹಾರಿಸುತ್ತ ಬಂದು ನಿಂತಿತು. ಹಿಂದೆ ತುಂಬ ಗೊಬ್ಬರ.

“ಏನಮ್ಮಾ, ಇನ್ನೂ ಮಣ್ಣಲ್ಲೇ ಆಡ್ತಿದ್ದೀಯಾ? ಸ್ಕೂಲಿಗೆ ಹೋಗಲ್ವಾ?” ಎಂದ. ಎಂಬತ್ತೊಂದರ ಮುದುಕ, ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ ಇಳಿದ. “ತಗೋ. ಜೂನಿದು. ಕೊನೇದು. ಇನ್ಮೇಲೆ ಕೇಳ್ಬೇಡ.”

ಜೂನಿ ಅವನ ಕುದುರೆ. ಫೆಬ್ರವರಿಯಲ್ಲಿ ಸತ್ತಿತ್ತು. ನೆಲ ಹೆಪ್ಪುಗಟ್ಟಿ ಕಲ್ಲಾಗಿದ್ದರಿಂದ ಹೂಳಲಾಗದೆ ಟಾರ್ಪಾಲು ಹೊದಿಸಿ ಹಿಮದಲ್ಲೇ ಮಲಗಿಸಿದ್ದ.

“ಹೂತ್ಯಾ?”

“ಸೋಮವಾರ.” ಅವನು ಒಂದು ಹಿಡಿ ಗೊಬ್ಬರ ತೆಗೆದು ಮೂಸಿದ. “ಚಿನ್ನ ನೋಡು. ಸೊಂಟ ಹೋದ್ಮೇಲೆ ಹುಲ್ಲು ಕುಯ್ಯೋಕಾಗ್ಲಿಲ್ಲ, ಎರಡು ವರ್ಷದಿಂದ ಹೊರಗಡೆದೇ ತಂದು ಹಾಕ್ತಿದ್ದೆ. ಆದ್ರೆ ಎಂಥ ಹುಲ್ಲು ಅಂತೀಯಾ! ಹುಡುಕಿದ್ರೂ ಒಂದು ಕಳೆ ಸಿಗ್ತಿರ್ಲಿಲ್ಲ. ನನ್ ಹುಡುಗಿಗೆ ಒಳ್ಳೇದೇ ತಿನ್ನಿಸಿದೀನಿ ಕಣೇ.”

ವರ್ನಾ ಖಾಲಿ ಡಬ್ಬಿಯ ಅಂಚನ್ನು ಒರೆಸುತ್ತ ನಿಂತಳು. ಅವನು ಕವೆಗೋಲು ಹಿಡಿದು ಗೊಬ್ಬರ ಇಳಿಸತೊಡಗಿದ.

“ಈ ಸಲ ಹನ್ನೆರಡು ಸಸಿ ಬೇಡ. ಆರು ಕೊಡು ಸಾಕು. ಒಂಟಿ ಮನುಷ್ಯ ಎಷ್ಟು ತಿಂತಾನೆ?”

“ಇಲ್ಲ ಓರಿನ್.”

“ಏನಿಲ್ಲ?”

“ಸಸಿ. ಅಡುಗೆಮನೆ ಕಿಟಕಿ ತೆಗೆದಿಟ್ಟು ಮರೆತು ಮಲಗಿಬಿಟ್ಟೆ. ಚಳಿ ಹೊಡೀತು. ಎಲ್ಲಾ ಹೋಯ್ತು.”

“ಬೀಜ?”

“ಅಷ್ಟೇ ಇದ್ದಿದ್ದು.”

ಕವೆಗೋಲು ಗೊಬ್ಬರದಲ್ಲೇ ನಿಂತಿತು. ಅವನು ರಸ್ತೆಯ ಕಡೆ ನೋಡಿದ, ಯಾರೋ ಬರುವವರಿದ್ದಾರೆ ಎಂಬಂತೆ.

“ನನಗಿಂತ ಹತ್ತು ವರ್ಷ ಚಿಕ್ಕೋಳು,” ಎಂದ. “ಮರೆವು ಮಾತ್ರ ನನಗಿಂತ ಮುಂಚೆ ಬಂತು ನಿಂಗೆ.” ಕವೆಗೋಲು ಮತ್ತೆ ಕಿತ್ತುಕೊಂಡ.

ಅರ್ಧ ಲೋಡು ಒಂದೇ ಸಮನೆ ಇಳಿಸಿದ. ಆಮೇಲೆ “ನೀರು ಕುಡಿದು ಬರ್ತೀನಿ” ಎಂದು, ಕೇಳಿ ಹೋಗುವ ಅಭ್ಯಾಸ ಎಂದೂ ಇಲ್ಲದವನು, ಸೀದಾ ಅಡುಗೆಮನೆಗೆ ನಡೆದ. ಬಾಗಿಲು ಬಡಿದುಕೊಂಡ ಮೇಲಷ್ಟೇ ವರ್ನಾಳಿಗೆ ಕಿಟಕಿಯ ಹಲಗೆ ಮೇಲಿನ ಬೀನ್ಸ್ ಹಾಕಿದ್ದ ಆರು ಮೊಸರು ಲೋಟಗಳು ನೆನಪಾದದ್ದು. ಮೂರರ ಮೇಲೆ ಪೆನ್ಸಿಲಿನಲ್ಲಿ ‘ಅಂಗಡಿ’ ಎಂದು ಬರೆದಿದ್ದಳು. ಅವುಗಳಲ್ಲಿ ಬೀನ್ಸ್ ಎಲೆಗಳು ಅಂಗೈಯಂತೆ ಬಿಚ್ಚಿಕೊಂಡಿದ್ದವು. ಇನ್ನು ಮೂರರ ಮೇಲೆ ‘ಓರಿನ್’ ಎಂದಿತ್ತು.

ನಲ್ಲಿಯ ಸದ್ದು ಕೇಳಲಿಲ್ಲ. ಅವನು ಹೊರಗೆ ಬರಲು ತಡವಾಯಿತು. ಬಂದವನು ಕವೆಗೋಲು ಎತ್ತಿಕೊಂಡು ನೆಲದ ಮೇಲಿನ ರಾಶಿಗೆ ಚುಚ್ಚಿ, ಗೊಬ್ಬರವನ್ನು ವಾಪಸು ಗಾಡಿಗೆ ಎಸೆದ.

“ಬಿಡು ಓರಿನ್. ಹಿಂದಿನ ಹುಲ್ಲುಗಾವಲಿಗೆ ಹಾಕ್ಕೋತೀನಿ. ಹುಲ್ಲಿಗೆ ಏನೂ ಆಗಲ್ಲ.”

ಕೇಳಿಸದವನಂತೆ ಇನ್ನೊಂದು ಸಲ ಎಸೆದ. ಸೊಂಟ ಹಿಡಿದುಕೊಂಡು ನಿಂತ, ಮತ್ತೆ ಬಗ್ಗಿದ. ವರ್ನಾ ಸಲಿಕೆ ತಂದು ರಾಶಿಯ ಆಚೆ ಬದಿಗೆ ನಿಂತಳು. ಅವನು ಕವೆಗೋಲಿನ ಹಿಡಿಯಿಂದ ಅವಳ ಸಲಿಕೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ನೆಲ ಬರಿದಾಗುವವರೆಗೂ ಎಸೆದ. ಉದುರಿದ್ದನ್ನು ಬೂಟಿನಿಂದ ಒಟ್ಟುಮಾಡಿ ಅದನ್ನೂ ಎಸೆದ. ಗಾಡಿ ಹತ್ತುವಾಗ, ಅವಳ ಮುಖ ನೋಡದೆ ಹೇಳಿದ:

“ಆ ಕಿಟಕಿಗೆ ಚಳಿಗೆ ಅಂತ ಪ್ಲಾಸ್ಟಿಕ್ ಹೊಡೆದೋನು ನಾನೇ, ವರ್ನಾ. ಇನ್ನೂ ಹಾಗೇ ಇದೆ, ಒಂದು ಮೊಳೇನೂ ಕಿತ್ತಿಲ್ಲ.”