ಹಸಿ ಬಣ್ಣ

ಕ್ರಿಸ್ಟಿನ್ ಇನ್ನೂ ಫ್ರಾಕು ಹಾಕುತ್ತಿದ್ದ ಕಾಲದಲ್ಲಿ ಅವಳ ಅಪ್ಪ ಅಲ್ಫೋನ್ಸ್ ಒಂದು ಮಾತು ಕೊಟ್ಟಿದ್ದ. ಸೋದರತ್ತೆಯ ಮದುವೆಯ ದಿನ, ಎರವಲು ತಂದ ಕಾರಿನಲ್ಲಿ ತನಗೆ ಜಾಗ ಸಿಗಲಿಲ್ಲವೆಂದು ರಸ್ತೆಯಲ್ಲೇ ಕುಳಿತು ರಂಪ ಮಾಡಿದವಳನ್ನು ಹೆಗಲಿಗೆ ಹಾಕಿಕೊಂಡು, "ನಿನ್ನ ಮದುವೆಗೆ ಇಗರ್ಜಿಗೆ ಹೋಗ್ಲಿಕ್ಕೆ ನಮ್ಮದೇ ಕಾರು, ಬಾಯೆ. ನಾನೇ ಬಿಡ್ತೇನೆ" ಎಂದಿದ್ದ. ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿ ಮಟಿಲ್ಡಾ ಆಗ ನಕ್ಕಿದ್ದಳು. ಹಂಚಿನ ಕಾರ್ಖಾನೆಯ ಗುಮಾಸ್ತನಿಗೆ ಆಗ ಸೈಕಲ್ಲೂ ಇರಲಿಲ್ಲ.

ಈಗ ಕಾರು ಬಂದಿತ್ತು. ಮೂರು ಕೈ ದಾಟಿ ಬಂದ ಆಸ್ಟಿನ್. ಮಗಳ ಮದುವೆಯ ಹಿಂದಿನ ವಾರ ಅದು ಅತ್ತಾವರದ ವರ್ಕ್‌ಶಾಪಿನಿಂದ ಹೊಸ ಬಣ್ಣ ಹೊಡೆಸಿಕೊಂಡು, ಮೊಟ್ಟೆಯ ಹಳದಿಗೆ ಹಾಲು ಬೆರೆಸಿದಂಥ ಹೊಳಪಿನಲ್ಲಿ, ಕುಲಶೇಖರದ ಮನೆಯಂಗಳಕ್ಕೆ ಬಂದು ನಿಂತಿತು. ಬಣ್ಣ ಗಟ್ಟಿಯಾಗುವವರೆಗೆ ಎಣ್ಣೆಯ ಕೈ ತಾಗಿಸಬೇಡಿ, ಉಜ್ಜಬೇಡಿ ಎಂದು ಪೇಂಟರ್ ಮಾಯಿಲಪ್ಪ ಹೇಳಿದ್ದನಂತೆ. ಅಷ್ಟು ಹೇಳಿದ್ದೇ ಮಟಿಲ್ಡಾಳ ಗ್ರಹಚಾರವಾಯಿತು. ಕೋಳಿಗಳು ಹಗಲಲ್ಲೂ ಗೂಡು ಸೇರಿದವು. ಹಲಸಿನ ಮರದ ಕಾಗೆಗಳನ್ನು ಓಡಿಸಲು ಅಲ್ಫೋನ್ಸ್ ಕೈಯಲ್ಲಿ ಕೋಲು ಹಿಡಿದ. ಮದುವೆಗೆಂದು ಹಾಕಿಸಿದ ಚಪ್ಪರದ ಒಳಗೆ ಕಾರು ಹೊಕ್ಕಿತು, ನೆಂಟರ ಬೆಂಚುಗಳು ಬಿಸಿಲಿಗೆ ಬಂದವು. ಕೊನೆಗೆ, ಮಗಳ ಪೆಟ್ಟಿಗೆಗೆಂದು ಮಟಿಲ್ಡಾ ಮಳೆಗಾಲವಿಡೀ ಕುಳಿತು ಗುಲಾಬಿ ಹೂವಿನ ಕಸೂತಿ ಹಾಕಿದ್ದ ಬೆಡ್‌ಶೀಟ್ ಕಾರಿನ ಮೈಮೇಲೆ ಕಾಣಿಸಿತು.

"ಮದುವೆ ಯಾರಿಗೆ ಬಾವ, ಕ್ರಿಸ್ಟಿನ್‌ಗೋ ಆಸ್ಟಿನ್‌ಗೋ?" ಎಂದು ಮಟಿಲ್ಡಾಳ ತಮ್ಮ ರಾಫೆಲ್ ಕೇಳಿದ. ಎಲ್ಲರೂ ನಕ್ಕರು, ಮಟಿಲ್ಡಾ ನಗಲಿಲ್ಲ. ಮದುವೆಯ ಹಿಂದಿನ ಸಂಜೆ ಮದುಮಗಳ ತಲೆಗೆ ಎಣ್ಣೆ, ಮೈಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ. ಮೊದಲ ಕೈ ಹೆತ್ತವರದು. ಬೇರೆ ಮನೆಗಳಲ್ಲಿ ಅಪ್ಪಂದಿರು ಆ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಫೋನ್ಸ್ ಒಂದೇ ಬೆರಳ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಮಗಳ ನೆತ್ತಿಗೆ ಮುಟ್ಟಿಸಿ, ಆ ಬೆರಳನ್ನು ಟವೆಲಿಗೆ ಒರೆಸಿ ಒರೆಸಿ, ಕಾರಿನ ಹತ್ತಿರ ಓಡಿದ. ಅಲ್ಲಿ ಯಾರದೋ ಎಣ್ಣೆಗೈಯ ಮಗು ಬೆಡ್‌ಶೀಟ್ ಎತ್ತುತ್ತಿತ್ತು.

ಆದರೂ ಮಟಿಲ್ಡಾ ತುಟಿ ಕಚ್ಚಿಕೊಂಡಳು. ಒಂದು ಬೆಳಿಗ್ಗೆಯ ಮಾತು. ಕಾರು ಮಗಳನ್ನು ಇಗರ್ಜಿಯ ಮೆಟ್ಟಿಲಿಗೆ ಮುಟ್ಟಿಸಲಿ, ಆಮೇಲೆ ಈ ಮನುಷ್ಯ ಅದನ್ನು ಪೂಜೆಯ ಕೋಣೆಯಲ್ಲಿಟ್ಟು ಮೇಣದ ಬತ್ತಿ ಹಚ್ಚಲಿ.

ಮದುವೆಯ ಬೆಳಿಗ್ಗೆ ಬ್ಯಾಂಡಿನವರು ಬಂದರು. ಬಿಳಿ ಸೀರೆ ಉಟ್ಟ ಕ್ರಿಸ್ಟಿನ್ ಹಿರಿಯರ ಆಶೀರ್ವಾದ ಪಡೆದು ಅಂಗಳಕ್ಕೆ ಇಳಿದಳು. ಕಾರು ಮಾತ್ರ ಚಪ್ಪರದಲ್ಲೇ ಇತ್ತು, ಹೊದ್ದ ಬೆಡ್‌ಶೀಟ್ ಸಮೇತ. ಅಲ್ಫೋನ್ಸ್ ಕೋಟು ಹಾಕಿಕೊಂಡು ರಸ್ತೆಯ ಬದಿಯಲ್ಲಿ ನಿಂತು ಒಂದು ಕಾಲನ್ನು ಎತ್ತಿ ಬೂಟಿನ ಅಡಿ ನೋಡುತ್ತಿದ್ದ. ಹಿಂದಿನ ದಿನ ರಸ್ತೆಗೆ ಟಾರು ಹಾಕಿದ್ದರು. ಮೇ ತಿಂಗಳ ಬಿಸಿಲಿಗೆ ಅದು ಬೆಳಿಗ್ಗೆಯೇ ಮತ್ತೆ ಕರಗಲು ಶುರುವಾಗಿತ್ತು.

"ಚಕ್ರ ತಿರುಗಿದರೆ ಟಾರು ಹಾರ್ತದೆ," ಎಂದ ಅವನು. "ಸ್ವಲ್ಪ ಕಾಯುವ."

ಇಗರ್ಜಿಯ ಗಂಟೆ ಆಗಲೇ ಬಡಿಯುತ್ತಿತ್ತು. ಪಾದ್ರಿಯವರು ಯಾರಿಗೂ ಕಾಯುವವರಲ್ಲ. ಟಾರು ತಾಗಿದರೆ ತೆಂಗಿನೆಣ್ಣೆ ಹಾಕಿ ಒರೆಸಿದರಾಯಿತು, ನಮ್ಮ ಕಾಲಿಗೆ ಹಾಗೇ ಮಾಡುವುದಲ್ಲವೇ ಎಂದು ಮಟಿಲ್ಡಾ ತಗ್ಗಿದ ದನಿಯಲ್ಲಿ ಹೇಳಿ ನೋಡಿದಳು. ಹಸಿ ಬಣ್ಣಕ್ಕೆ ಎಣ್ಣೆಯೇ ಎಂದು ಅವನು ಅವಳನ್ನು ಕೊಲೆಗಾರ್ತಿಯ ಹಾಗೆ ನೋಡಿದ.

"ನಡೆದರೆ ಎಂತ? ಇಗರ್ಜಿ ಇಲ್ಲೇ ಉಂಟಲ್ಲ. ವಾಪಸ್ ಬರುವಾಗ ಟಾರಿನ ಮೇಲೆ ಮರಳು ಹಾಕಿರ್ತಾರೆ, ಆಗ ಕಾರು ತರ್ತೇನೆ."

"ವಾಪಸ್ ಬರುವಾಗ ಅವಳು ಅವರ ಮನೆಯವಳು," ಎಂದಳು ಮಟಿಲ್ಡಾ. "ಅವರ ಗಾಡಿಯಲ್ಲಿ ಹೋಗುವವಳು. ನಿಮಗಿರುವುದು ಇದೊಂದೇ ಸಲ."

ಅಲ್ಫೋನ್ಸ್ ಕಾರಿನ ಕಡೆ ನೋಡಿದ, ಮಗಳ ಕಡೆ ನೋಡಿದ. ಜೇಬಿನಲ್ಲಿದ್ದ ಕೀಲಿಕೈಯನ್ನು ಹೊರಗೆ ತೆಗೆದ ಕೂಡ. ಅಷ್ಟರಲ್ಲಿ ಒಂದು ಬಸ್ಸು ಹೋಯಿತು. ಅದರ ಚಕ್ರಗಳ ಚರಚರ ಸದ್ದು ಅಂಗಳದವರೆಗೂ ಕೇಳಿಸಿತು. ಕೀಲಿಕೈ ಮತ್ತೆ ಜೇಬಿಗೆ ಹೋಯಿತು.

ಕ್ರಿಸ್ಟಿನ್ ಬಗ್ಗಿ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, "ನಡೆಯುವ, ಮಮ್ಮಾ. ಪಪ್ಪಾನ ಬಣ್ಣ ಹಾಳಾಗುವುದು ಬೇಡ" ಎಂದಳು. ಅದು ಕುಟುಕು ಮಾತೂ ಆಗಿರಲಿಲ್ಲ, ಅದನ್ನೇ ಮಟಿಲ್ಡಾಳಿಗೆ ತಡೆಯಲಾಗಲಿಲ್ಲ. ಬ್ಯಾಂಡು ಮುಂದೆ, ಮದುಮಗಳು ಹಿಂದೆ. ಚಪ್ಪಲಿಗಳು ಹೆಜ್ಜೆಹೆಜ್ಜೆಗೂ ರಸ್ತೆಗೆ ಅಂಟಿ ಬಿಡುತ್ತಿದ್ದವು.

ಮದುವೆ ಮುಗಿಯಿತು. ಕಾವೂರಿನ ವರನ ಕಡೆಯವರ ಬಾಡಿಗೆ ಕಾರು ಇಗರ್ಜಿಯ ಎದುರು ಬಂದು ನಿಂತಿತು. ಬಾಗಿಲ ಅಡಿಯಿಂದ ಮಡ್‌ಗಾರ್ಡಿನವರೆಗೆ ಸಿಡುಬು ಎದ್ದವರ ಹಾಗೆ ಟಾರಿನ ಕರಿ ಚುಕ್ಕಿ. ಕ್ರಿಸ್ಟಿನ್ ಹತ್ತಿ ಕುಳಿತಳು. ಬಿಳಿ ಸೀರೆಯ ಅಂಚಿಗೂ ಅದೇ ಚುಕ್ಕಿಗಳಿದ್ದವು. ಮಟಿಲ್ಡಾ ಕಿಟಕಿಗೆ ಕೈಯಿಟ್ಟು ಮಗಳ ಮುಖ ನೋಡುತ್ತಿದ್ದರೆ, ಅಲ್ಫೋನ್ಸ್ ಮೊಣಕಾಲೂರಿ ಆ ಕಾರಿನ ಮಡ್‌ಗಾರ್ಡಿನ ಮೇಲೆ ಉಗುರಿನಿಂದ ಕೆರೆದು ನೋಡಿದ. ಆಮೇಲೆ ಎದ್ದು ಹೆಂಡತಿಯ ಕಿವಿಯ ಹತ್ತಿರ ಬಂದ.

"ನೋಡಿದೆಯಾ? ನಾನು ಹೇಳಲಿಲ್ವಾ?"

ಕಾರು ಹೊರಟಿತು. ಕ್ರಿಸ್ಟಿನ್ ಮದುವೆಗೆ ಅಪ್ಪನ ಕಾರಿನಲ್ಲಿ ಹೋಗಲಿಲ್ಲ.