ಎರಡು ಬಕೆಟ್

ತೊಟ್ಟಿಯ ಹಿಂದೆ ಕೂತು ಕೂತು ತೊಮೆಜಿಯ ಮಂಡಿ ಹಿಡಿದುಕೊಂಡಿತ್ತು. ಎಪ್ಪತ್ತು ದಾಟಿದ ಯಜಮಾನ ತನ್ನದೇ ಮೀನಿನ ಶೆಡ್ಡಿನಲ್ಲಿ ಕಳ್ಳನಂತೆ ಅಡಗಿ ಕೂರುವುದೆಂದರೆ ಗ್ರಹಚಾರವೇ ಸರಿ.

ಹೊರಗೆ ಆಗಲೇ ಬೆಳಕು ಹರಿದಿತ್ತು. ಬಾಗಿಲು ಸರಿಯಿತು. ಒಳಗೆ ಬಂದವಳು ಸೊಸೆ ಕಿನುಯೆ. ಎರಡು ಕೈಗೆ ಎರಡು ಬಕೆಟ್.

ಹಾಗಾದರೆ ಪಕ್ಕದ ಕೊಳಗಳ ಮಾರುಯಾಮ ಹೇಳಿದ್ದು ಸುಳ್ಳಲ್ಲ. ನಿನ್ನೆ ಅವನು ಬೇಕೆಂದೇ ದನಿ ತಗ್ಗಿಸಿದ್ದ. "ನಿಮ್ಮ ಸೊಸೆ ಬೆಳಿಗ್ಗೆ ಬೆಳಿಗ್ಗೆ ಬಕೆಟ್ ಹೊತ್ಕೊಂಡು ಕೆಳಗಿನ ಗದ್ದೆ ಕಡೆ ಹೋಗ್ತಾಳಲ್ಲ ತೊಮೆಜಿಯಣ್ಣ, ಏನಿರುತ್ತೆ ಅದ್ರಲ್ಲಿ? ಹೋಗ್ಲಿ ಬಿಡಿ, ನಂಗ್ಯಾಕೆ ಊರ ಉಸಾಬರಿ."

ಯಮಕೋಶಿಯ ಬೆಟ್ಟದಲ್ಲಿ ಕೊಳ ಎಲ್ಲರಿಗೂ ಇದೆ. ಅಂದಕ್ಕೆಂದು ಸಾಕುವ ಕೊಯ್ ಮೀನು ಯಾರ ಮನೆಯಲ್ಲಾದರೂ ಮೊಟ್ಟೆಯಿಡುತ್ತದೆ. ಆ ಲಕ್ಷ ಮರಿಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಆರಿಸುವವನೇ ಯಜಮಾನ. ಬಿಳಿ ಮೈಮೇಲೆ ಕೆಂಪು ತಕ್ಕ ಜಾಗದಲ್ಲಿ ಕೂತಿದ್ದರೆ ಮರಿ ಒಳಗಿನ ತೊಟ್ಟಿಗೆ. ಬರೀ ಬಿಳಿಯಾದರೂ ಕಸ, ಮೈಯೆಲ್ಲ ಕೆಂಪಾದರೂ ಕಸ. ಯಜಮಾನ ಕಸ ಎಂದದ್ದನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ. ತೊಮೆಜಿಯ ಕೊಳದ ಮೀನು ಮೂರು ವರ್ಷದಿಂದ ಪ್ರದರ್ಶನದ ಮೊದಲ ಬಹುಮಾನವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮಗ ತೀರಿಕೊಂಡ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದುದೇ ಆ ಮೀನುಗಳಿಂದ.

ಸೊಸೆಯ ಮೇಲೆ ಅವನಿಗೆ ಗುಮಾನಿ ಇಂದು ನಿನ್ನೆಯದಲ್ಲ. ಹೊಸದನ್ನೆಲ್ಲ ಯಾರಿಗೋ ಸಾಗಿಸಿ ತನಗೆ ಹಳೆಯದನ್ನು ದಾಟಿಸುತ್ತಾಳೆ ಎಂಬುದು ಅವನ ದೂರು. ಬಟ್ಟಲಿಗೆ ಸೋಯಾ ಹಾಲಿನ ತೋಫು ಬಿದ್ದರೆ ಶುರು.

"ಅಲ್ಲಲ್ಲಿ ಹಳದಿ ತಿರುಗಿದೆ. ಎಷ್ಟು ದಿನದ್ದು ಇದು?"

"ಬೆಳಿಗ್ಗೆ ತಂದಿದ್ದು ಮಾವ."

ಹೊಸ ವರ್ಷಕ್ಕೆ ಜಾರುಬಾಗಿಲುಗಳ ಚೌಕಟ್ಟಿಗೆ ಬಿಳಿ ಕಾಗದ ಅಂಟಿಸಿದಾಗಲೂ ಅಷ್ಟೇ. "ಕೆಂಪು ಕಲೆ ಕೂತಿರೋ ಹಳೇ ಕಾಗದ ಬಡಿದು ಹೊಸದರ ದುಡ್ಡು ನುಂಗಿದ್ಯಾ?" ಕಿನುಯೆ ಆಗ ಉತ್ತರವನ್ನೇ ಕೊಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ತೊಮೆಜಿ ಷರಾ ಬರೆದುಬಿಟ್ಟ.

ಈಗ ಅವಳು ಒಳಗಿನ ತೊಟ್ಟಿಗೆ ಬಗ್ಗಿದಳು. ಕೈಬಲೆಯಿಂದ ಮರಿಗಳನ್ನು ಗೋರಿ ಖಾಲಿ ಬಕೆಟ್ಟಿಗೆ ಹಾಕಿದಳು. ಆಮೇಲೆ ಇನ್ನೊಂದು ಬಕೆಟ್ಟನ್ನು ಮೆಲ್ಲಗೆ ತೊಟ್ಟಿಗೆ ಬಗ್ಗಿಸಿದಳು.

"ನಿಲ್ಲೇ ಅಲ್ಲಿ!"

ಬಲೆ ಕೈಜಾರಿತು. ತೊಮೆಜಿ ಕುಂಟುತ್ತ ಬಂದು ಬಕೆಟ್ಟಿನೊಳಕ್ಕೆ ಕೈಯಿಟ್ಟ. "ಇವು ನಾನು ನಿನ್ನೆ ಆರಿಸಿದ್ದು ತಾನೆ?"

"ಹೌದು."

"ತೊಟ್ಟಿಗೆ ಸುರಿದಿದ್ದು?"

"ನೀವು ಎಸಿ ಅಂದಿದ್ದು."

"ಭೇಷ್! ಚಿನ್ನ ಕದ್ದು ಆ ಜಾಗಕ್ಕೆ ಕಸ ತುಂಬ್ತಿದ್ದೀಯ, ಮುದುಕನಿಗೆ ಗೊತ್ತಾಗಬಾರದು ಅಂತ. ಎಷ್ಟು ಕಾಲದಿಂದ ನಡೀತಿದೆ ಇದು?"

"ಮೂರು ವರ್ಷ ಆಯ್ತು ಮಾವ."

"ಯಾರಿಗೆ ಮಾರ್ತೀಯ? ಬಾಯಿ ಬಿಡು."

ಕಿನುಯೆ ಅವನ ಕಣ್ಣನ್ನೇ ನೋಡುತ್ತ ನಿಂತಳು. ನಾಚಿಕೆಗೆಟ್ಟವಳು, ತಲೆಯನ್ನೂ ತಗ್ಗಿಸುತ್ತಿಲ್ಲವಲ್ಲ ಎಂದು ಅವನಿಗೆ ಉರಿದುಹೋಯಿತು. ಕೊನೆಗೆ, "ತಪ್ಪಾಯ್ತು," ಎಂದಳು.

"ಇಷ್ಟು ಕದ್ದರೂ ಬಹುಮಾನ ನಮ್ಮನೇಗೇ ಬರ್ತಿದೆ. ನಾನು ಆರಿಸಿದ್ದೆಲ್ಲಾ ಕೊಳದಲ್ಲೇ ಉಳಿದಿದ್ರೆ ಏನಾಗ್ತಿತ್ತು? ಊಹಿಸ್ಕೋ!"

"ಅದನ್ನೇ ಊಹಿಸ್ತಾ ಇದ್ದೀನಿ ಮಾವ."

ಅಂದೇ ಶೆಡ್ಡಿಗೆ ಬೀಗ ಬಿತ್ತು. ಬೀಗದ ಕೈ ಮುದುಕನ ಕೊರಳಿಗೆ ಬಂತು. ಆ ಬೇಸಿಗೆಯ ಮರಿಗಳನ್ನೆಲ್ಲ ಮತ್ತೆ ಹೊಸದಾಗಿ ಅವನೊಬ್ಬನೇ ಕೂತು ಆರಿಸಿದ. ಕಿನುಯೆ ಗದ್ದೆ ಕೆಲಸಕ್ಕಿಳಿದಳು. ಮಾರುಯಾಮನ ಬಾಯಿ ಸುಮ್ಮನಿರುತ್ತದೆಯೇ? ಅವಳು ಅಂಗಡಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುವಂತಾಯಿತು. ಅವಳಿಗೆ ತುಂಬ ನೋವಾಯಿತು. ಆದರೂ ಒಂದು ದಿನ ಶೆಡ್ಡಿನ ಬಾಗಿಲಿಗೆ ಬಂದಳು.

"ಮಾವ, ನಾನು ಬೇಡ ಅಂದ್ರೆ ತವರಿಗೆ ಹೋಗ್ತೀನಿ. ಆರಿಸೋವಾಗ ಮಾರುಯಾಮ ಅವರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೊಳ್ಳಿ."

"ಓಹೋ! ಅವನಿಗೂ ಪಾಲಿದೆಯಾ?"

ಬಾಗಿಲು ಅವಳ ಮುಖಕ್ಕೆ ಬಡಿಯಿತು. ಆರಿಸಿದ ಮರಿಗಳು ಬೆಟ್ಟದ ಮೇಲಿನ ಕೆಸರು ಕೊಳ ಸೇರಿದವು. ಆ ಕೊಳದ ನೀರು ರಾಡಿ. ಚಳಿಗಾಲದ ಮುಂಚೆ ಬಸಿಯುವ ತನಕ ಒಳಗಿನದು ದೇವರಿಗೇ ಗೊತ್ತು.

ಎಲೆ ಉದುರುವ ಹೊತ್ತಿಗೆ ಕೊಳ ಬಸಿಯುವ ದಿನ ಬಂತು. ಈ ಸಲ ತೊಮೆಜಿ ಒಸಾಕದ, ಟೋಕಿಯೋದ ಮೀನು ವ್ಯಾಪಾರಿಗಳನ್ನೂ ಹೇಳಿ ಕಳಿಸಿ ಕರೆಸಿದ್ದ. "ಇದುವರೆಗೆ ನೋಡಿದ್ದು ಕಳ್ಳಿ ಬಿಟ್ಟು ಉಳಿಸಿದ್ದು. ಇವತ್ತು ನೋಡಿ ನನ್ನ ಆಯ್ಕೆ!" ಎಂದು ಏರಿಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. ಬಲೆಗೆ ಜನ ಸಾಲದೆ ಕಿನುಯೆಯೂ ಕೆಸರಿಗಿಳಿದಿದ್ದಳು. ಒಂದು ತುದಿ ಅವಳು, ಇನ್ನೊಂದು ತುದಿ ಮಾರುಯಾಮ. ನೀರು ಇಳಿಯಿತು. ಬಲೆ ಕಿರಿದಾಯಿತು. ಕೊಳ್ಳಲು ಬಂದವರು ಏರಿಯಿಂದ ಬಗ್ಗಿದರು.

ಒಸಾಕದ ವ್ಯಾಪಾರಿ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಾರುಯಾಮ ಬಲೆ ನೋಡಿದ, ಮುದುಕನನ್ನು ನೋಡಿದ, ಆಮೇಲೆ ಕಿನುಯೆಯ ಕಡೆ ತಿರುಗಿ ಕೆಸರಿನಲ್ಲಿ ನಿಂತಲ್ಲೇ ಆಳಕ್ಕೆ ತಲೆ ಬಗ್ಗಿಸಿದ. ಬಲೆಯ ತುಂಬ ಹೆಚ್ಚಿದ ತೋಫಿನ ತುಂಡುಗಳಂತೆ ಬಿಳಿ ಮೀನು ವಿಲವಿಲ ಒದ್ದಾಡುತ್ತಿತ್ತು. ಒಂದರ ಮೈಮೇಲೂ ಕೆಂಪಿನ ಚುಕ್ಕೆಯಿರಲಿಲ್ಲ.

"ಬೆರಗಾಗಿ ನಿಂತ್ರಲ್ಲಾ!" ಎಂದು ತೊಮೆಜಿ ಹಿಗ್ಗಿ ಕೂಗಿದ. "ಕಳ್ಳತನ ನಿಂತಿದ್ದೇ ತಡ, ನೋಡ್ರಪ್ಪಾ, ಎಂಥಾ ಕೆಂಪು!"