ನಿನ್ನೆಯ ಕರೆಂಟು

ಮೊದಲು ಮೆಸೇಜು ಬಂತು, ಅದರ ಹಿಂದೆಯೇ ಫೋನು. ರಾಜೇಶ್ವರಿಯ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಡಬ್ಬಿಗೆ ಆನಿಸಿಟ್ಟ ಮೊಬೈಲಿನಲ್ಲಿ ಧನರಾಜ ಎಂಬ ಹೆಸರು ಕಂಡು, ಬಡಿಯುತ್ತಿದ್ದ ರೊಟ್ಟಿ ಅರ್ಧಕ್ಕೇ ನಿಂತಿತು. ಮನೆ ಬಿಟ್ಟು ಬಂದ ಮೇಲೆ ಗಂಡ ಒಮ್ಮೆಯೂ ಫೋನು ಮಾಡಿದವನಲ್ಲ. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದಳು.

“ಅವ್ವಾ, ನಾನು.”

ಮಗಳು ಸ್ನೇಹಲ್. ದಸರೆಗೆ ಮೊದಲು ಕೇಳಿದ್ದ ದನಿ.

“ಮನಿ ಮೀಟರಿಂದು ಮೆಸೇಜೆಲ್ಲ ನಿನ್ನ ನಂಬರಿಗಿ ಬರಾಕತ್ಯಾವಂತ. ಪಪ್ಪಾಂದು ಹಾಕಬೇಕಂತ. ಈಗ ನಿಂಗೊಂದು ಓಟಿಪಿ ಬಂದದ ನೋಡು, ಅದು ಹೇಳು.”

ಹಿಂದಿನಿಂದ ಧನರಾಜನ ದನಿ ಕೇಳಿತು: “ಬ್ಯಾರೆ ಮಾತು ಬ್ಯಾಡ. ನಂಬರಷ್ಟೇ ಕೇಳು.”

ಅವನು ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಮಗಳೂ ಆಡಬಾರದೆಂದು ಕಟ್ಟು ಹಾಕಿದ್ದ. ಹತ್ತನೇ ಇಯತ್ತೆ ಮುಗಿಯುವ ತನಕ ಹುಡುಗಿ ಘಾಟಬೋರಾಳದಲ್ಲಿ ಅಪ್ಪನ ಹತ್ತಿರವೇ ಇರಲಿ ಎಂದು ಹಿರಿಯರು ಹೇಳಿದರು. ರಾಜೇಶ್ವರಿ ಬಸವಕಲ್ಯಾಣದ ಈ ರೊಟ್ಟಿ ಕೇಂದ್ರಕ್ಕೆ ಬಂದು ಸೇರಿಕೊಂಡಳು. ಮನೆಯಲ್ಲಿ ಅವಳನ್ನು ಬಿಡದೆ ಉಳಿದದ್ದು ಮೀಟರು ಒಂದೇ. ಅದನ್ನು ಕೂರಿಸಿದ ದಿನ ಧನರಾಜ ಹುಮನಾಬಾದಿಗೆ ಹೋಗಿದ್ದ. ಕೂರಿಸಲು ಬಂದವನು ಬಾಗಿಲಲ್ಲಿ ನಿಂತವಳ ನಂಬರನ್ನೇ ಬರೆದುಕೊಂಡಿದ್ದ. ಒಳಗೆ ಸಿಮ್ ಇರುವ ಹೊಸ ಮೀಟರು. ರೀಡಿಂಗ್ ಬರೆಯಲು ಯಾರೂ ಬಾಗಿಲಿಗೆ ಬರಬೇಕಿಲ್ಲ, ಗಾಳಿಯಲ್ಲೇ ಕಳಿಸುತ್ತದೆ. ಕಾಲು ಕಾಲು ತಾಸಿಗೆ ಎಷ್ಟು ಕರೆಂಟು ಉರಿಯಿತೆಂಬುದು ಮರುದಿನ ಮೊಬೈಲಿನಲ್ಲಿ ಸಾಲಾಗಿ ಗೆರೆಗಳಾಗಿ ನಿಲ್ಲುತ್ತದೆ.

ಆ ಗೆರೆಗಳನ್ನು ಅವಳು ಓದುತ್ತಿದ್ದಳು. ನಸುಕಿನ ಸಣ್ಣ ಗೆರೆ ಎಂದರೆ ಸ್ನೇಹಲ್ ಎದ್ದು ಪುಸ್ತಕ ಹಿಡಿದಿದ್ದಾಳೆ. ಅದರ ಪಕ್ಕದ ಉದ್ದನೆಯದು ಅವಳು ನೀರು ಕಾಸುವ ಹೀಟರು; ಧನರಾಜನದು ಯಾವಾಗಲೂ ತಣ್ಣೀರ ಜಳಕ. ಮಗಳು ತಲೆಗೆ ಎರೆದುಕೊಂಡ ದಿನ ಇನ್ನೂ ಉದ್ದ. ಹೋದ ವಾರ ಎರಡು ದಿನ ಆ ಉದ್ದನೆಯ ಗೆರೆಯೇ ಇರಲಿಲ್ಲ. ಆ ಎರಡು ದಿನ ರಾಜೇಶ್ವರಿಗೆ ಅನ್ನ ಇಳಿಯಲಿಲ್ಲ.

“ಮತ್ತ ಕರೆಂಟಿನ ಜಾತಕ ಓದಾಕ ಕುಂತ್ಳು ನೋಡ್ರಿ,” ಎಂದು ಪಕ್ಕದ ಒಲೆಯ ಕರೀಮಾ ದಿನಾ ನಗುತ್ತಿದ್ದಳು. ಈಗ ನಗಲಿಲ್ಲ. ಇಲ್ಲಿ ನಂಬರು ಹೇಳಿದರೆ ನಾಳೆಯಿಂದ ಗೆರೆಗಳು ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

“ಹೇಳವ್ವಾ.”

ಮೆಸೇಜಿನಲ್ಲಿ ಇದ್ದದ್ದು ನಾಲ್ಕು, ಒಂಬತ್ತು, ಎರಡು, ಏಳು. ರಾಜೇಶ್ವರಿ ಹೇಳುವಾಗ ಕೊನೆಯ ಏಳು ಒಂದಾಯಿತು.

ಆ ಕಡೆ ಬೆರಳು ಒತ್ತುವ ಸದ್ದು. “ತಪ್ಪಂತ ಬಂತು. ಇನ್ನೊಮ್ಮಿ ಹೇಳು.”

“ಸ್ನೇಹಲ್, ಹೋದ ವಾರ ಜ್ವರ ಬಂದಿತ್ತೇನವ್ವಾ? ಎರಡು ದಿನ ಜಳಕ ಮಾಡಿಲ್ಲ ನೀನು.”

ಆ ಕಡೆಯಿಂದ ಬಲು ಸಣ್ಣಗೆ, “ಹ್ಞೂಂ.” ಮತ್ತೆ ಇನ್ನೂ ಸಣ್ಣಗೆ, “ನಿಂಗ್ಯಾರ ಹೇಳಿದ್ರು?”

“ಮೀಟರು. ನೀ ಎದ್ದಿದ್ದು, ಓದಾಕ ಕುಂತಿದ್ದು, ಎಲ್ಲಾ ಅದೇ ಹೇಳ್ತದ.”

“ಏನಂತಾಳ ಅಷ್ಟೊತ್ತು?” ಧನರಾಜ ಗದರಿದ.

“ಏನಿಲ್ಲ ಪಪ್ಪಾ. ಕಣ್ಣಾಗ ಹಿಟ್ಟು ಬಿದ್ದದಂತ. ಒರಸ್ಕೊಳಾಕತ್ತಾಳ.”

ರಾಜೇಶ್ವರಿ ನಿಜವಾಗಿಯೂ ಒರೆಸಿಕೊಳ್ಳುತ್ತಿದ್ದಳು. ಕೆನ್ನೆಯ ಮೇಲೆಲ್ಲ ಹಿಟ್ಟಾಯಿತು.

“ನಾಲ್ಕು ನಂಬರ್ ಕೇಳಾಕ ಇಷ್ಟೊತ್ತೇನು? ನಿಂಗರ ಬುದ್ಧಿ ಅದನೋ ಇಲ್ಲೋ!” ಅವನ ದನಿ ಈಗ ಮಗಳ ಮೇಲೆ ಏರಿತು. ಹೆಂಚಿನ ಮೇಲೆ ಕರಕಾಗುತ್ತಿದ್ದ ರೊಟ್ಟಿಯನ್ನು ಕರೀಮಾ ಎಳೆದು ಬದಿಗೆ ಹಾಕಿದಳು.

“ಹೇಳಿಬಿಡು ರಾಜಿ,” ಎಂದಳು ಮೆಲ್ಲಗೆ. “ಪಾಪ, ಆ ಹುಡುಗಿಗಿ ಯಾಕ ಬೈಸ್ತಿ?”

ರಾಜೇಶ್ವರಿ ಮೊಬೈಲಿನ ಹತ್ತಿರ ಬಾಗಿದಳು. ಇನ್ನೇನೋ ಕೇಳಬೇಕಿತ್ತು. ಜಡೆ ಯಾರು ಹಾಕುತ್ತಾರೆ, ರೊಟ್ಟಿ ಬಡಿಯಲು ಕಲಿತೆಯಾ. ಎಲ್ಲ ನುಂಗಿಕೊಂಡು, ಒಂದೊಂದೇ ಅಂಕಿ ಬಿಡಿಸಿ, ಸರಿಯಾದದ್ದನ್ನೇ ಹೇಳಿದಳು.

“ನಾಲ್ಕು. ಒಂಬತ್ತು. ಎರಡು. ಏಳು.”

“ಹೌದಾ, ಹಾಕ್ತೀನಿ ತಡಿ,” ಎಂದಳು ಸ್ನೇಹಲ್. ಆಮೇಲೆ ಅಪ್ಪನಿಗೆ ಕೇಳುವಂತೆ ಜೋರಾಗಿ ಓದುತ್ತ ಒತ್ತಿದಳು: “ನಾಲ್ಕು, ಒಂಬತ್ತು, ಎರಡು, ಆರು.”

ಏಳು ಎನ್ನಲು ರಾಜೇಶ್ವರಿ ಬಾಯಿ ತೆರೆದಳು. ಕರೀಮಾಳ ಹಿಟ್ಟಿನ ಕೈ ಬಂದು ಅವಳ ಬಾಯಿಯ ಮೇಲೆ ಕೂತಿತು.

“ಇದೂ ತಪ್ಪಂತ ಪಪ್ಪಾ. ಇವತ್ತಿಂದು ಬಂದ್ ಆಯ್ತು. ನಾಳಿ ಮಾಡ್ರಿ ಅಂತ ಬಂದದ.”

“ಅಕಿಗಿ ನೆಟ್ಟಗ ಓದಾಕರ ಎಲ್ಲಿ ಬರ್ತದ!” ಎನ್ನುತ್ತ ಧನರಾಜ ಹೊರಗೆ ಹೋದ ಚಪ್ಪಲಿಯ ಸದ್ದು ಕೇಳಿತು.

ಸ್ನೇಹಲ್ ಫೋನು ಇಡಲಿಲ್ಲ.

“ಅವ್ವಾ,” ಎಂದಳು. “ನಾಳಿ ನಸುಕಿನ್ಯಾಗ ಲೈಟ್ ಹಚ್ಚಿ ಅರ್ಧ ತಾಸು ಬಂದ್ ಮಾಡಿ ಮತ್ತ ಹಚ್ತೀನಿ. ಅದು ಓದಾಕಲ್ಲ, ನಿಂಗ.”